ಹುದುಗಿಗೆ ವಾರ್ಷಿಕ ಗುರಿ ಹಾಕುವವರ ಲೆಕ್ಕ

ಡಿಸೆಂಬರ್ ಬಂತೆಂದರೆ ಮನೆಯಲ್ಲೇ ಬಿಯರು, ವೈನು ತಯಾರಿಸುವ ಹವ್ಯಾಸಿಗಳು ಮುಂದಿನ ವರ್ಷದ ಗುರಿಗಳನ್ನು ಪಟ್ಟಿ ಮಾಡತೊಡಗುತ್ತಾರೆ. ಅಮೆರಿಕ, ಬ್ರಿಟನ್ನುಗಳಲ್ಲಿ ಇದು ಬೇರೂರಿದ ರೂಢಿ. ತಿಂಗಳಿಗೊಂದರಂತೆ ಹನ್ನೆರಡು ಬಗೆ ಮಾಡಬೇಕು, ಇದುವರೆಗೆ ಮುಟ್ಟದ ಧಾನ್ಯವೊಂದನ್ನು ಬಳಸಬೇಕು, ಒಂದಾದರೂ ಸ್ಪರ್ಧೆಗೆ ಬಾಟಲಿ ಕಳಿಸಬೇಕು, ಹೀಗೆ. ಈ ಗಾಳಿ ಕೊಲ್ಲಿಯ ಕನ್ನಡಿಗರಿಗೂ ತಟ್ಟಿದೆ. ಕುವೈತಿನಲ್ಲಿ ಸಾಲ್ಮಿಯಾದ ಮಗ್ಗುಲಿಗಿರುವ ರುಮೈಥಿಯಾದಲ್ಲಿ ಬಾಡಿಗೆಗೆ ಮನೆ ಹಿಡಿದು ಸಂಸಾರ ನಡೆಸುವ ಮಂಗಳೂರು, ಉಡುಪಿ ಕಡೆಯವರ ಅಡುಗೆಮನೆಗೆ ಈಗ ಇಡ್ಲಿ ಹಿಟ್ಟು, ಉಪ್ಪಿನಕಾಯಿಗಳ ಪಕ್ಕದಲ್ಲಿ ಕೊಂಬುಚಾ (ಹುದುಗಿಸಿದ ಚಹಾ) ಜಾಡಿ, ಕಿಮ್ಚಿ (ಕೊರಿಯಾದ ಹುಳಿ ಎಲೆಕೋಸು) ಡಬ್ಬವೂ ಬಂದು ಕೂರುತ್ತಿವೆ. ಅವುಗಳ ಹಿಂದೆಯೇ ‘ಈ ವರ್ಷ ಇಷ್ಟು ಬಗೆ’ ಎಂಬ ಲೆಕ್ಕವೂ ಬರುತ್ತದೆ. ಕ್ರಿಸ್‌ಮಸ್ ಹತ್ತಿರವಾದಾಗ ಊರಿನ ದ್ರಾಕ್ಷಿ ವೈನಿನ ಮಾತು ಎದ್ದು, ‘ನಮ್ಮ ಮನೆಯೊಳಗೆ ನಾವು ಮಾಡಿಕೊಂಡರೆ ಯಾರ ಗಂಟೇನು ಹೋಯಿತು’ ಎಂಬ ಪ್ರಶ್ನೆಯೂ ಏಳುತ್ತದೆ.

ಈ ರೂಢಿಯ ಹಿಂದಿನ ನಂಬಿಕೆಯನ್ನು ಅದರ ಪರವಾಗಿರುವವರು ಹೇಳುವ ಹಾಗೆಯೇ ಮೊದಲು ಇಲ್ಲಿಡುತ್ತೇನೆ. ಹವ್ಯಾಸ ಎಂದ ಮಾತ್ರಕ್ಕೆ ಅದು ಮನಸ್ಸು ಬಂದಾಗ ಹಿಡಿದು ಬೇಸರವಾದಾಗ ಬಿಡುವ ಕೆಲಸವಾಗಬಾರದು. ಗುರಿಯನ್ನು ಬರೆದಿಟ್ಟರೆ ಕೈ ಓಡುತ್ತದೆ. ಗುರಿಗೊಂದು ಸಂಖ್ಯೆ ಇದ್ದರೆ ಮುಟ್ಟಿದೆವೋ ಇಲ್ಲವೋ ಎಂಬುದು ನಿಚ್ಚಳವಾಗಿ ಗೊತ್ತಾಗುತ್ತದೆ. ಬಗೆಗಳು ಹೆಚ್ಚಿದಷ್ಟೂ ಅನುಭವ ಹೆಚ್ಚುತ್ತದೆ. ತಿಳಿದವರು ಮನೆಯಲ್ಲಿ ಶುಚಿಯಾಗಿ ಮಾಡಿದ್ದರಿಂದ ಯಾರಿಗೂ ಕೇಡಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ತಳ್ಳಿಹಾಕುವಂಥ ಮಾತು ಒಂದೂ ಕಾಣುವುದಿಲ್ಲ. ತೊಡಕಿರುವುದು ಒಂದು ಮಾತಿನಿಂದ ಇನ್ನೊಂದಕ್ಕೆ ಹಾರುವ ರೀತಿಯಲ್ಲಿ. ಗುರಿ ಬೇಕು ಎಂಬುದರಿಂದ ಸಂಖ್ಯೆ ಬೇಕು ಎಂಬುದಕ್ಕೆ, ಸಂಖ್ಯೆಯಿಂದ ವೈವಿಧ್ಯಕ್ಕೆ, ವೈವಿಧ್ಯದಿಂದ ಪರಿಣತಿಗೆ, ಪರಿಣತಿಯಿಂದ ನಿರಪಾಯಕ್ಕೆ ಹಾರುವಾಗ ಪ್ರತಿ ಹಾರಿಕೆಯಲ್ಲೂ ಏನೋ ಒಂದು ಜಾರಿಹೋಗುತ್ತದೆ.

ಮೊದಲನೆಯ ಪ್ರಶ್ನೆ, ಹುದುಗುವ ಕೆಲಸ ಯಾರದು ಎಂಬುದು. ಕಸೂತಿ ಹಾಕುವವರು ವರ್ಷಕ್ಕೆ ನಾಲ್ಕು ಸೀರೆ ಎಂದು ಗುರಿ ಇಟ್ಟುಕೊಂಡರೆ ಅರ್ಥವಿದೆ, ಏಕೆಂದರೆ ಪ್ರತಿ ಹೊಲಿಗೆಯೂ ಅವರ ಬೆರಳಿನದೇ. ಹುದುಗಿನಲ್ಲಿ ಹಾಗಲ್ಲ. ಉದ್ದು, ಅಕ್ಕಿಯ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಬಿಯರು, ವೈನು, ಬ್ರೆಡ್ಡುಗಳಲ್ಲಿ ಯೀಸ್ಟು. ನಾವು ಮಾಡುವುದೆಲ್ಲ ಅವುಗಳಿಗೆ ಬೇಕಾದ ಬಿಸಿ, ಉಪ್ಪು ಅಥವಾ ಸಕ್ಕರೆ, ನೀರು, ಸಮಯ ಒದಗಿಸುವುದು, ಬೇಡದ ಜೀವಿಗಳು ಒಳಸೇರದಂತೆ ನೋಡಿಕೊಳ್ಳುವುದು, ಅಷ್ಟೇ. ಫಲ ನಮ್ಮ ಕೈಯಲ್ಲಿ ಇಲ್ಲವೆಂದಲ್ಲ, ನೇರವಾಗಿ ಇಲ್ಲ. ಹೀಗಿರುವಾಗ ‘ಹನ್ನೆರಡು ಬಗೆ’ ಎಂಬ ಗುರಿ, ಕೆಲಸ ಮಾಡುವವನನ್ನು ಬಿಟ್ಟು ಮೇಲ್ವಿಚಾರಕನಿಗೆ ಹಾಕಿದ ಗುರಿಯಂತಾಗುತ್ತದೆ. ಅಂಥ ಗುರಿ ಹಾಕಿಸಿಕೊಂಡ ಮೇಲ್ವಿಚಾರಕರು ಎಲ್ಲೆಡೆ ಮಾಡುವುದನ್ನೇ ಹವ್ಯಾಸಿಯೂ ಮಾಡುತ್ತಾನೆ. ಹುಳಿ ಸರಿಯಾಗಿ ಕಟ್ಟದ ಜಾಡಿಯನ್ನೂ ‘ಆಯಿತು’ ಎಂದು ಲೆಕ್ಕಕ್ಕೆ ಸೇರಿಸಿ ಮುಂದಿನ ಬಗೆಗೆ ಓಡುತ್ತಾನೆ.

ವೈವಿಧ್ಯದಿಂದ ಪರಿಣತಿ ಬರುತ್ತದೆ ಎಂಬ ಮಾತಿಗೆ ಬಂದರೆ, ಅದಕ್ಕೆ ಉತ್ತರ ಸಿಗುವುದು ಬಿಯರಿನ ಚರಿತ್ರೆಯಲ್ಲಿಯೇ. ವಿಲಿಯಂ ಸೀಲಿ ಗಾಸೆಟ್ ಎಂಬಾತ 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಬಾರ್ಲಿ, ಹಾಪ್ಸ್‌ಗಳ ಗುಣ ಪರೀಕ್ಷಿಸುವಾಗ ಅವನಿಗೆ ಎದುರಾದ ಸಮಸ್ಯೆ ಇದು: ಕೈಯಲ್ಲಿರುವುದು ಬೆರಳೆಣಿಕೆಯ ಪ್ರಯೋಗಗಳು, ಎರಡು ಫಲಿತಾಂಶಗಳ ನಡುವೆ ಕಂಡ ವ್ಯತ್ಯಾಸ ನಿಜವಾದದ್ದೋ, ಕಾಕತಾಳೀಯವೋ? ಈ ಪ್ರಶ್ನೆಗೆ ಅವನು ಕಂಡುಕೊಂಡ ಉತ್ತರ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ 1908ರಲ್ಲಿ ಅಚ್ಚಾಯಿತು. ಇಂದು ಸಂಖ್ಯಾಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಯೂ ಕಲಿಯುವ ಟಿ-ಪರೀಕ್ಷೆಯ ಮೂಲ ಅದು. ಗಾಸೆಟ್‌ನ ಪ್ರಶ್ನೆಯನ್ನು ಗುರಿಯ ಪಟ್ಟಿಯ ಮುಂದೆ ಹಿಡಿಯಿರಿ. ಹನ್ನೆರಡು ಬಗೆಯನ್ನು ಒಂದೊಂದು ಸಲ ಮಾಡಿದವನ ಬಳಿ ಇರುವುದು ಹನ್ನೆರಡು ಒಂಟಿ ಪ್ರಯೋಗಗಳು. ಕಿಮ್ಚಿ ಚೆನ್ನಾಗಿ ಬಂತು ಎನ್ನೋಣ. ಉಪ್ಪಿನ ಪ್ರಮಾಣ ಸರಿಯಿದ್ದುದರಿಂದ ಬಂತೋ, ಆ ವಾರ ತಂಪಿದ್ದುದರಿಂದ ಬಂತೋ, ಎಲೆಕೋಸು ಎಳೆಯದಿದ್ದುದರಿಂದ ಬಂತೋ ಎಂದು ಹೇಳಲು ಅವನಿಗೆ ದಾರಿಯಿಲ್ಲ. ಒಂದೇ ಬಗೆಯನ್ನು ಹನ್ನೆರಡು ಸಲ, ಪ್ರತಿ ಸಲವೂ ಒಂದೇ ಒಂದು ಅಂಶ ಬದಲಿಸಿ ಮಾಡಿದವನಿಗೆ ಹೇಳಲು ಏನಾದರೂ ಇರುತ್ತದೆ. ಮೊದಲಿನವನು ತಿರುಗಾಡಿ ಬಂದಿದ್ದಾನೆ, ಎರಡನೆಯವನು ಕಲಿತಿದ್ದಾನೆ. ತಿರುಗಾಟ ತಪ್ಪಲ್ಲ, ಅದನ್ನು ಪರಿಣತಿ ಎಂದು ಕರೆಯುವುದು ತಪ್ಪು.

ಇನ್ನು ‘ವರ್ಷ’ ಎಂಬ ಅವಧಿ. ಜನವರಿ ಒಂದಕ್ಕೆ ಶುರುಮಾಡುವ ಗುರಿಗೆ ರುಮೈಥಿಯಾದ ಹವೆಯ ಬೆಂಬಲವಿಲ್ಲ. ಜನವರಿಯ ರಾತ್ರಿಗಳಲ್ಲಿ ಅಲ್ಲಿ ಉಷ್ಣಾಂಶ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೂವತ್ತು ಡಿಗ್ರಿಯ ಸುತ್ತ ಹಿತವಾಗಿ ಹುದುಗುವ ಇಡ್ಲಿ ಹಿಟ್ಟು ರಾತ್ರಿ ಅರೆದಿಟ್ಟರೆ ಮರುದಿನ ಮಧ್ಯಾಹ್ನವಾದರೂ ಅಲುಗುವುದಿಲ್ಲ. ಓವನ್ನಿನ ದೀಪ ಹೊತ್ತಿಸಿ ಅದರೊಳಗೆ ಪಾತ್ರೆ ಇಡುವ ಉಪಾಯ ಹುಟ್ಟಿದ್ದು ಇದಕ್ಕೇ. ಜುಲೈ ಬಂತೆಂದರೆ ಪರಿಸ್ಥಿತಿ ತಲೆಕೆಳಗು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. ವಿಶ್ವ ಹವಾಮಾನ ಸಂಸ್ಥೆ ಅದನ್ನು ಪರಿಶೀಲಿಸಿ ಒಪ್ಪಿದೆ. ಆ ದಿನಗಳಲ್ಲಿ ತಾರಸಿಯ ಟ್ಯಾಂಕಿಯಿಂದ ಇಳಿಯುವ ‘ತಣ್ಣೀರು’ ನಲ್ಲಿಯಲ್ಲೇ ಕೈ ಸುಡುತ್ತದೆ. ಉದ್ದು ನೆನೆಹಾಕಿದರೆ ನೆನೆಯುವಾಗಲೇ ಹುಳಿಯ ವಾಸನೆ ಹೊಡೆಯುತ್ತದೆ, ಅರೆಯುವಾಗ ಐಸ್ ತುಂಡು ಹಾಕದಿದ್ದರೆ ಗ್ರೈಂಡರಿನೊಳಗೇ ಹಿಟ್ಟು ಬಿಸಿಯಾಗುತ್ತದೆ. ಏಸಿ ಹಾಕಿದ ಕೋಣೆಯಲ್ಲಿಟ್ಟ ಪಾತ್ರೆಗೆ ಒಂದು ಹವೆ, ಏಸಿ ತಟ್ಟದ ಅಡುಗೆಮನೆಯಲ್ಲಿಟ್ಟ ಪಾತ್ರೆಗೆ ಇನ್ನೊಂದು. 2024ರ ಜೂನಿನಲ್ಲಿ ಆದಂತೆ ಬೇಡಿಕೆ ಮೀರಿ ಸರದಿಯಲ್ಲಿ ವಿದ್ಯುತ್ ಕಡಿತವಾದರೆ ಆ ಒಂದೆರಡು ಗಂಟೆಗಳಲ್ಲಿ ಎರಡೂ ಲೆಕ್ಕ ತಪ್ಪುತ್ತವೆ. ನೀರಿನ ಕಥೆಯೂ ಬೇರೆಯೇ. ಕಡಲ ನೀರನ್ನು ಭಟ್ಟಿಯಿಳಿಸಿ, ಸ್ವಲ್ಪ ಸವಳು ಅಂತರ್ಜಲ ಬೆರೆಸಿ, ಕ್ಲೋರಿನ್ ಸೇರಿಸಿ ಬಿಡುವ ನೀರು ಅದು. ಆ ಕ್ಲೋರಿನ್ ನಮಗೆ ಬೇಕಾದ ಸೂಕ್ಷ್ಮಜೀವಿಗಳಿಗೂ ಹಿತವಲ್ಲ. ಇಂಥಲ್ಲಿ ಹನ್ನೆರಡು ತಿಂಗಳನ್ನು ಹನ್ನೆರಡು ಸಮಭಾಗ ಎಂದು ಎಣಿಸುವುದು ಕ್ಯಾಲೆಂಡರಿಗೆ ಸರಿ, ಜಾಡಿಗೆ ಅಲ್ಲ. ಅಲ್ಲಿ ಹುದುಗಿನ ವರ್ಷಕ್ಕೆ ಎರಡೇ ಕಾಲ: ಬಿಸಿ ಕೊಡಬೇಕಾದ ಕಾಲ, ಬಿಸಿಯಿಂದ ಕಾಯಬೇಕಾದ ಕಾಲ.

ಇಲ್ಲಿ ಸಹಜವಾಗಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಅಮ್ಮಂದಿರು, ಅಜ್ಜಿಯರು ಥರ್ಮಾಮೀಟರು ಹಿಡಿದವರಲ್ಲ, ಪುಸ್ತಕದಲ್ಲಿ ಬರೆದಿಟ್ಟವರಲ್ಲ. ಅವರ ಹಿಟ್ಟು ಉಬ್ಬಲಿಲ್ಲವೇ, ಮಿಡಿ ಉಪ್ಪಿನಕಾಯಿ ಕೆಡದೆ ಉಳಿಯಲಿಲ್ಲವೇ? ಉಬ್ಬಿತು, ಉಳಿಯಿತು, ನಿಜ. ಆದರೆ ಅವರಿಗೆ ಅಳತೆಯೇ ಇರಲಿಲ್ಲ ಎನ್ನುವುದು ಸರಿಯಲ್ಲ. ಅವರ ಅಳತೆ ಅವರ ಸುತ್ತಲೇ ಇತ್ತು. ಅದೇ ಬಾವಿಯ ನೀರು, ಅದೇ ಗದ್ದೆಯ ಅಕ್ಕಿ, ಅದೇ ರುಬ್ಬುಗುಂಡು, ಅದೇ ಭರಣಿ, ವರ್ಷವಿಡೀ ಹೆಚ್ಚು ಏರಿಳಿತವಿಲ್ಲದ ಕರಾವಳಿಯ ಸೆಖೆ. ಎಲ್ಲವೂ ಒಂದೇ ಸಮನೆ ಇರುವಾಗ ಬದಲಾಗುವ ಒಂದೆರಡು ಸಂಗತಿಗಳನ್ನು ಕೈ, ಮೂಗು, ಕಣ್ಣುಗಳೇ ಗುರುತಿಸಬಲ್ಲವು. ಗಾಸೆಟ್ ಕಾಗದದ ಮೇಲೆ ಮಾಡಿದ ಕೆಲಸವನ್ನು ಅವರು ಮೂವತ್ತು ವರ್ಷಗಳ ಪುನರಾವರ್ತನೆಯಿಂದ ಮಾಡಿದರು. ಊರು ಬಿಟ್ಟವರು ಕಳೆದುಕೊಂಡದ್ದು ಕೈಗುಣವನ್ನಲ್ಲ, ಆ ಕೈಗುಣಕ್ಕೆ ಆಧಾರವಾಗಿದ್ದ ಸ್ಥಿರತೆಯನ್ನು. ನಲವತ್ತು ಡಿಗ್ರಿ ಏರಿಳಿಯುವ ಊರಿನಲ್ಲಿ ಅಜ್ಜಿಯ ‘ಒಂದು ರಾತ್ರಿ ಇಡು’ ಎಂಬ ಮಾತಿಗೆ ಜನವರಿಯಲ್ಲಿ ಒಂದು ಅರ್ಥ, ಆಗಸ್ಟಿನಲ್ಲಿ ಇನ್ನೊಂದು. ಥರ್ಮಾಮೀಟರು ಅಜ್ಜಿಗೆ ಎದುರಾಳಿಯಲ್ಲ; ಬಾವಿಕಟ್ಟೆ ಬಿಟ್ಟು ಬಂದವರಿಗೆ ಅಜ್ಜಿಯ ಮಾತು ಅರ್ಥವಾಗಲು ಬೇಕಾದ ಸಲಕರಣೆ.

ಈಗ ಎಲ್ಲರೂ ಮೆಲುದನಿಯಲ್ಲಿ ಕೇಳುವ ಪ್ರಶ್ನೆ. ಗುರಿಯ ಪಟ್ಟಿಯಲ್ಲಿ ಬಿಯರು, ವೈನು ಇರಬಹುದೇ? ಕುವೈತಿನಲ್ಲಿ 1960ರ ದಶಕದಿಂದಲೂ ಮದ್ಯಕ್ಕೆ ನಿಷೇಧವಿದೆ. ತಯಾರಿಸುವುದು, ತರಿಸುವುದು, ಮಾರುವುದು ಎಲ್ಲವೂ ಅಪರಾಧ, ಪರದೇಶಿಗಳಿಗೆ ಜೈಲಿನ ಜೊತೆ ಗಡೀಪಾರಿನ ಅಪಾಯ. ಅಷ್ಟಕ್ಕೇ ಚರ್ಚೆ ಮುಗಿಸಬಹುದು. ಆದರೆ ಹವ್ಯಾಸಿಯ ವಾದ ಅಷ್ಟಕ್ಕೆ ನಿಲ್ಲುವುದಿಲ್ಲ, ಹಾಗಾಗಿ ಪೂರ್ತಿ ಕೇಳಬೇಕು. 2025ರ ಆಗಸ್ಟಿನಲ್ಲಿ ಕುವೈತಿನಲ್ಲಿ ಮೆಥನಾಲ್ ಬೆರೆತ ಕಳ್ಳಮದ್ಯ ಕುಡಿದು 160 ಮಂದಿ ಅಸ್ವಸ್ಥರಾದರು, 23 ಮಂದಿ ಸತ್ತರು. 51 ಮಂದಿಗೆ ತುರ್ತಾಗಿ ಡಯಾಲಿಸಿಸ್ ಮಾಡಬೇಕಾಯಿತು. ಇವು ಅಲ್ಲಿನ ಆರೋಗ್ಯ ಸಚಿವಾಲಯ ಕೊಟ್ಟ ಅಂಕಿಗಳು. ಅವರೆಲ್ಲ ಏಷ್ಯಾದ ದೇಶಗಳಿಂದ ಹೋದವರು, ಭಾರತೀಯರೂ ಇದ್ದರು. ಇದನ್ನು ಕಂಡ ಮೇಲೂ ‘ಅದು ಮಾಡಲು ಬಾರದವರು ಮಾಡಿದ್ದು; ತಿಳಿದು ಮಾಡಿದರೆ ಹಾಗಾಗದು’ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಒಂದು ಸತ್ಯವೂ ಒಂದು ದೊಡ್ಡ ಗೊಂದಲವೂ ಕೂಡಿಕೊಂಡಿವೆ.

ಸತ್ಯ ಇಷ್ಟು: ಧಾನ್ಯ, ಸಕ್ಕರೆಗಳ ಹುದುಗಿನಲ್ಲಿ ಪ್ರಾಣ ತೆಗೆಯುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಹಣ್ಣುಗಳ ಪೆಕ್ಟಿನ್‌ನಿಂದ ಒಂದಿಷ್ಟು ಹುಟ್ಟಿದರೂ ಅದು ಅಲ್ಪ. ಹೀಗೆ ಸಾಲುಸಾಲಾಗಿ ಜನ ಸಾಯುವಲ್ಲಿ ಸಾಮಾನ್ಯವಾಗಿ ಆಗಿರುವುದು ಕಾರ್ಖಾನೆಯ ಮೆಥನಾಲ್ ಮದ್ಯಕ್ಕೆ ಸೇರಿರುವುದು. ನಮ್ಮವರಿಗೆ ಇದು ಹೊಸತೂ ಅಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂದರೆ ‘ಮಾಡಲು ಬಾರದ್ದರಿಂದ ವಿಷವಾಯಿತು’ ಎಂಬ ರೋಗನಿದಾನವೇ ತಪ್ಪು. ಭಟ್ಟಿಯಲ್ಲಿ ಮೊದಲು ಇಳಿದದ್ದನ್ನು ಚೆಲ್ಲಿಬಿಟ್ಟರೆ ಮೆಥನಾಲ್ ಹೋಗುತ್ತದೆ ಎಂಬ ಜನಜನಿತ ನಂಬಿಕೆಯೂ ತಪ್ಪು. ಅದು ಕೊನೆಯವರೆಗೂ ಬೆರೆತೇ ಇಳಿಯುತ್ತದೆ. ನಿದಾನವೇ ತಪ್ಪಾಗಿರುವಾಗ ‘ನನ್ನ ಕುಶಲತೆಯೇ ನನಗೆ ರಕ್ಷೆ’ ಎಂಬ ತೀರ್ಮಾನಕ್ಕೆ ಏನು ಬೆಲೆ? ನಾಲಗೆಗಾಗಲಿ ಮೂಗಿಗಾಗಲಿ ಮೆಥನಾಲ್ ಬೇರೆಯೆಂದು ತಿಳಿಯುವುದಿಲ್ಲ. ಗೆಳೆಯ ಕೊಟ್ಟ ಬಾಟಲಿ ಕೆಲಸ ಬಲ್ಲವನ ಮನೆಯಿಂದ ಬಂತೋ, ಕೊಳ್ಳುವವನ ಮುಗ್ಧತೆಯನ್ನೇ ನಂಬಿದ ವ್ಯಾಪಾರಿಯಿಂದ ಬಂತೋ ಎಂಬುದೂ ತಿಳಿಯುವುದಿಲ್ಲ. ಮದ್ಯ ಗುಟ್ಟಿನಲ್ಲೇ ಓಡಾಡುವ ಊರಿನಲ್ಲಿ ಈ ಎರಡನ್ನು ಬೇರ್ಪಡಿಸುವ ಗೆರೆ ಯಾರ ಕಣ್ಣಿಗೂ ಬೀಳದು. (ಯಾರಿಗಾದರೂ ಕುಡಿದ ಮರುದಿನ ಕಣ್ಣು ಮಂಜಾದರೆ ಪೊಲೀಸರ ಹೆದರಿಕೆಗೆ ಕೋಣೆಯಲ್ಲೇ ಮಲಗಿರದೆ ಆಸ್ಪತ್ರೆಗೆ ಓಡಬೇಕು, ಮದ್ದಿದೆ, ಸಮಯವಿಲ್ಲ.)

ಕಾನೂನು, ವಿಷ ಎರಡನ್ನೂ ಬದಿಗಿಟ್ಟರೂ ಇನ್ನೊಂದು ಕಾರಣ ಉಳಿಯುತ್ತದೆ. ಅದು ಗುರಿ ಎಂಬ ಕಲ್ಪನೆಯೊಳಗೇ ಇದೆ. ಅಮೆರಿಕದಲ್ಲಿ ಮನೆಬಿಯರಿಗೆ ಒಕ್ಕೂಟ ಸರ್ಕಾರದ ಮಟ್ಟದಲ್ಲಿ ಅನುಮತಿ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಮೇಲೆ. ಬ್ರಿಟನ್ನಿನಲ್ಲಿ ಪರವಾನಗಿಯ ಕಟ್ಟು 1963ರಲ್ಲೇ ಸಡಿಲವಾಗಿತ್ತು. ಅದಕ್ಕೂ ಮುಂಚೆ ಅಲ್ಲಿ ಜನ ಕದ್ದು ಮಾಡುತ್ತಿರಲಿಲ್ಲವೆಂದಲ್ಲ. ಆದರೆ ಸಂಘಗಳು, ತೀರ್ಪುಗಾರರಿರುವ ಸ್ಪರ್ಧೆಗಳು, ಪುಸ್ತಕಗಳು, ನಂಬಬಹುದಾದ ಯೀಸ್ಟು ಮಾರುವ ಅಂಗಡಿಗಳು ಬೆಳೆದು, ಹವ್ಯಾಸಿಗಳೇ ಮುಂದೆ ಹೆಸರಾದ ಕಾರ್ಖಾನೆಗಳನ್ನು ಕಟ್ಟಿದ್ದು ಬಾಗಿಲು ತೆರೆದ ಮೇಲೆ. ಕಾರಣ ಸರಳ. ಒಂದು ಕೆಲಸ ಸುಧಾರಿಸಬೇಕಾದರೆ ಅದನ್ನು ಬರೆದಿಡಬೇಕು, ನಂಟಿಲ್ಲದವರ ಮುಂದಿಟ್ಟು ‘ಇದು ಕೆಟ್ಟಿದೆ’ ಎನಿಸಿಕೊಳ್ಳಬೇಕು, ಬಲ್ಲವರನ್ನು ಕೇಳಬೇಕು. ಗುಟ್ಟಿನಲ್ಲಿ ಮಾಡುವವನಿಗೆ ಈ ಮೂರೂ ಇಲ್ಲ. ಬರೆದಿಟ್ಟದ್ದೇ ಅವನ ಮೇಲಿನ ಸಾಕ್ಷಿಯಾಗುತ್ತದೆ, ಕುಡಿದವರು ಉಪಕಾರಕ್ಕೆ ಹೊಗಳುತ್ತಾರೆ. ಅಂಥವನಿಗೆ ಚಟವಿರಬಹುದು, ಆಸೆಯಿರಬಹುದು; ವಾರ್ಷಿಕ ಗುರಿ ಇರಲು ಸಾಧ್ಯವೇ ಇಲ್ಲ.

‘ಹಾಗಾದರೆ ನೀವು ವಿಷಯವನ್ನೇ ಬದಲಿಸಿದಿರಿ, ಬಿಯರಿನ ಮಾತಿಗೆ ಇಡ್ಲಿ ಹಿಟ್ಟು ಉತ್ತರವೇ?’ ಎಂದು ಯಾರಾದರೂ ಕೇಳಬಹುದು. ಆಕ್ಷೇಪಗಳಲ್ಲಿ ಬಲವಾದದ್ದು ಇದೇ. ಬೇಕಾಗಿರುವುದು ಅಮಲಷ್ಟೇ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ, ಅವರಿಗೆ ಗುರಿಯ ಪಟ್ಟಿಯ ಅಗತ್ಯವೂ ಇಲ್ಲ. ಆದರೆ ಮನೆಬಿಯರಿನ ಹವ್ಯಾಸಿಗಳು ತಮ್ಮ ಹವ್ಯಾಸ ಅಮಲಿಗಲ್ಲ, ಕಸುಬಿಗೆ ಎಂದು ತಾವೇ ಹೇಳಿಕೊಳ್ಳುತ್ತಾರೆ. ಅವರ ಮಾತನ್ನು ನಂಬೋಣ. ಆ ಕಸುಬನ್ನು ಪಾನೀಯದಿಂದ ಬೇರೆ ಮಾಡಬಹುದು ಎಂಬುದಕ್ಕೆ ಪುರಾವೆಯೂ ಇದೆ. ಹುಳಿಯನ್ನು ಅಳೆಯಲು ಜಗತ್ತೆಲ್ಲ ಬಳಸುವ ಪಿಎಚ್ ಮಾಪನವನ್ನು ರಸಾಯನಶಾಸ್ತ್ರಜ್ಞ ಸೊರೆನ್‌ಸನ್ 1909ರಲ್ಲಿ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ. ಗಾಸೆಟ್‌ನ ಟಿ-ಪರೀಕ್ಷೆಯಂತೆ ಅದೂ ಬಿಯರಿನ ಮನೆಯಲ್ಲಿ ಹುಟ್ಟಿ ಬಿಯರನ್ನು ಬಿಟ್ಟು ಹೊರಟಿತು. ಕೊಲ್ಲಿಯಲ್ಲಿರುವ ಮಂಗಳೂರು ಕ್ರೈಸ್ತರ ಅಡುಗೆಮನೆಯಲ್ಲಿ ಈ ಬೇರ್ಪಡಿಕೆ ಸದ್ದಿಲ್ಲದೆ ಆಗಿಯೇ ಹೋಗಿದೆ. ಊರಿನಲ್ಲಿ ಇಡ್ಲಿಯಂಥ ಸಾನ್ನಾಂಗೆ ಹುದುಗು ಬರಿಸುತ್ತಿದ್ದುದು ಶೇಂದಿ. ಕುವೈತಿನಲ್ಲಿ ಅದು ಸಿಗದು. ಜಮಿಯಾದಿಂದ (ಸಹಕಾರಿ ಅಂಗಡಿಯಿಂದ) ತಂದ ಬ್ರೆಡ್ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಕದಡಿ ಹಾಕುತ್ತಾರೆ. ಶೇಂದಿ ಕೊಡುತ್ತಿದ್ದುದೂ ಯೀಸ್ಟನ್ನೇ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಸಾನ್ನಾಂ ಹೂವಿನಂತೆ ಉಬ್ಬುತ್ತದೆ. ಶೇಂದಿಯ ಆ ಸೂಕ್ಷ್ಮ ಪರಿಮಳ ಮಾತ್ರ ಬರುವುದಿಲ್ಲ ಎಂದು ಹಿರಿಯರು ಹೇಳಿದರೆ ಅದು ನ್ಯಾಯವಾದ ಮಾತೇ, ಬೇರ್ಪಡಿಕೆಗೆ ತೆರುವ ಬೆಲೆ ಅದು.

ಗೆರೆ ಎಲ್ಲಿ ಎಂಬುದನ್ನೂ ಪ್ರಾಮಾಣಿಕವಾಗಿ ನೋಡಬೇಕು. ಲ್ಯುಕೊನಾಸ್ಟಾಕ್ ಹಿಟ್ಟಿನಲ್ಲಿ ಹುಳಿ, ಗಾಳಿಯ ಜೊತೆ ಲವಲೇಶ ಮದ್ಯಸಾರವನ್ನೂ ಹುಟ್ಟಿಸುತ್ತದೆ. ಹಬೆಯಲ್ಲಿ ಬೆಂದ ಇಡ್ಲಿಯ ವಿಷಯದಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಂಬುಚಾ ಹಾಗಲ್ಲ. ಅದರಲ್ಲಿ ಯೀಸ್ಟು ಕೆಲಸ ಮಾಡುತ್ತದೆ, ಸಕ್ಕರೆ ಹಾಕಿ ಮುಚ್ಚಿಟ್ಟ ಬಾಟಲಿಯಲ್ಲಿ ಮದ್ಯಸಾರ ಏರುತ್ತ ಹೋಗುತ್ತದೆ. 2010ರಲ್ಲಿ ಅಮೆರಿಕದ ಅಂಗಡಿಗಳು ಕೊಂಬುಚಾ ಬಾಟಲಿಗಳನ್ನು ಕಪಾಟಿನಿಂದ ಇಳಿಸಿದ್ದು ಅಲ್ಲಿನ ಶೇಕಡಾ 0.5ರ ಮಿತಿ ಮೀರಿರಬಹುದು ಎಂಬ ಕಾರಣಕ್ಕೇ. ಮನೆಯಲ್ಲಿ ಸಕ್ಕರೆಯಿಂದ ವಿನಿಗರ್ ಮಾಡುವ ದಾರಿಯೂ ಮದ್ಯಸಾರವನ್ನು ಹಾದೇ ಹೋಗುತ್ತದೆ. ಅಳೆಯಲಾಗದ ಇವೆರಡನ್ನು ರುಮೈಥಿಯಾದ ಪಟ್ಟಿಯಿಂದ ಬಿಡುವುದೇ ವಿವೇಕ. ಆಮೇಲೂ ಉಳಿಯುವುದು ಕಡಿಮೆಯಲ್ಲ: ಇಡ್ಲಿ, ದೋಸೆ, ರಾಗಿ ಅಂಬಲಿ, ಮೊಸರು, ಉಪ್ಪಿನಲ್ಲಿ ಹುಳಿ ಬರಿಸಿದ ತರಕಾರಿ, ಕ್ಯಾರೆಟ್ ಕಾಂಜಿ. ಇರಾನಿನ ತೆಂಕಣ ಕರಾವಳಿಯ ಕಡೆಯಿಂದ ಬಂದು ಕೊಲ್ಲಿಯಲ್ಲಿ ನೆಲೆನಿಂತ ಮಹಿಯಾವ ಎಂಬ ಮೀನಿನ ಹುಳಿಸಾರವೂ ಇದೆ. ಆ ಸುಡುಬಿಸಿಲನ್ನೇ ಕೆಲಸಕ್ಕೆ ಹಚ್ಚಿಕೊಂಡ ಅಲ್ಲಿನವರ ಜಾಣ್ಮೆ ಅದು, ನಮ್ಮವರು ಕಲಿಯಲು ಯೋಗ್ಯವಾದದ್ದು.

ಇಷ್ಟರ ಮೇಲೆ ಗುರಿ ಹೇಗಿರಬೇಕು?

1. ಗುರಿ ನಮ್ಮ ಕೈಯಲ್ಲಿರುವ ಅಂಶದ ಮೇಲಿರಲಿ. ‘ಒಳ್ಳೆಯ ಇಡ್ಲಿ’ ಗುರಿಯಲ್ಲ, ಹಾರೈಕೆ. ‘ಹಿಟ್ಟಿನ ಉಷ್ಣಾಂಶವನ್ನು 28ರಿಂದ 32 ಡಿಗ್ರಿಯೊಳಗೆ ಹಿಡಿದಿಟ್ಟು, ಎರಡು ಪಟ್ಟು ಆಗಲು ಎಷ್ಟು ಗಂಟೆ ಹಿಡಿಯಿತೆಂದು ಪಾತ್ರೆಯ ಮೇಲೆ ಗೆರೆ ಹಾಕಿ ನೋಡುತ್ತೇನೆ’ ಎಂಬುದು ಗುರಿ. ತರಕಾರಿಗಾದರೆ ಉಪ್ಪು ಚಮಚದ ಲೆಕ್ಕದಲ್ಲಿ ಬೇಡ, ತೂಕದಲ್ಲಿ ಶೇಕಡಾ ಎರಡೋ ಎರಡೂವರೆಯೋ ಇರಲಿ. ಪಿಎಚ್ ಪಟ್ಟಿಯಲ್ಲಿ 4.6ಕ್ಕಿಂತ ಕೆಳಗೆ ಇಳಿದಿದೆಯೋ ನೋಡಿದರೆ ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವೂ ದೂರ.

2. ಸಂಖ್ಯೆ ಬೇಕೇ ಬೇಕೆಂದರೆ ಅದು ಪುನರಾವರ್ತನೆಯ ಸಂಖ್ಯೆಯಾಗಲಿ.

3. ಅವಧಿಯನ್ನು ಹವೆ ನಿರ್ಧರಿಸಲಿ. ನವೆಂಬರಿನಿಂದ ಮಾರ್ಚಿನವರೆಗೆ ಉಪ್ಪು ತರಕಾರಿಗೆ ಹೇಳಿ ಮಾಡಿಸಿದ ಕಾಲ, ನಿಧಾನವಾಗಿ ಹುದುಗಿದಷ್ಟೂ ಅದಕ್ಕೆ ರುಚಿ. ಹಿಟ್ಟಿನ ಅಭ್ಯಾಸಕ್ಕೆ ಏಪ್ರಿಲ್, ಅಕ್ಟೋಬರ್. ಜುಲೈ, ಆಗಸ್ಟಿನಲ್ಲಿ ಊರಿಗೆ ಹೋಗುವವರೇ ಹೆಚ್ಚು. ಆಗ ಗುರಿಗೂ ರಜೆ ಕೊಡಬಹುದು.

ಇದರಿಂದ ಹವ್ಯಾಸದ ಖುಷಿ ಹೋಗಿ ಅಡುಗೆಮನೆ ಪ್ರಯೋಗಶಾಲೆಯಾಗುತ್ತದೆ ಎಂದು ಕೆಲವರಿಗೆ ಅನ್ನಿಸೀತು. ಅರೆದ ಉದ್ದಿನ ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟು ತೇಲುತ್ತದೋ ಎಂದು ನೋಡುವವರು ಈಗಾಗಲೇ ಪ್ರಯೋಗವನ್ನೇ ಮಾಡುತ್ತಿದ್ದಾರೆ. ಅದರಿಂದ ಯಾರ ಖುಷಿಯೂ ಹೋದದ್ದು ಕಂಡಿಲ್ಲ. ಹೋಗುವುದು ಪಟ್ಟಿಗೆ ಗೀಟು ಹಾಕುವ ಖುಷಿ ಮಾತ್ರ.

ಒಂದು ವಿನಂತಿ ಕುವೈತಿನ ಕನ್ನಡ, ತುಳು, ಕೊಂಕಣಿ ಸಂಘಗಳ ಕಾರ್ಯಕರ್ತರಿಗೆ. ಚಳಿಗಾಲದ ಕೂಟಗಳಲ್ಲಿ ನಡೆಸುವ ಅಡುಗೆ ಸ್ಪರ್ಧೆಗಳಲ್ಲಿ ಹೆಚ್ಚು ಬಗೆ ತಂದವರಿಗೆ ಬಹುಮಾನ ಕೊಡುವುದನ್ನು ಒಂದು ವರ್ಷ ನಿಲ್ಲಿಸಿ. ಎಲ್ಲರೂ ಒಂದೇ ತಿಂಡಿ ತರಲಿ, ಇಡ್ಲಿಯೋ ಸಾನ್ನಾಂವೋ. ತಟ್ಟೆಯ ಕೆಳಗೆ ಹೆಸರಿನ ಬದಲು ಹುದುಗಿದ ಗಂಟೆ, ಉಷ್ಣಾಂಶ, ಬಳಸಿದ ನೀರು ಬರೆದ ಚೀಟಿ ಇರಲಿ, ತಿಂದು ತೀರ್ಪು ಕೊಟ್ಟ ಮೇಲೆ ಚೀಟಿ ತಿರುಗಿಸಿ ಓದಿ. ಯಾರ ಕೈಗುಣವನ್ನೂ ಅವಮಾನಿಸದೆ, ಯಾವ ಕಾನೂನನ್ನೂ ಮುರಿಯದೆ ಒಂದು ಬೆಳಗಿನಲ್ಲಿ ಇಡೀ ಊರು ಕಲಿಯುವ ದಾರಿ ಅದು, ಖರ್ಚು ಚೀಟಿಯ ಕಾಗದದ್ದಷ್ಟೇ.